ಸೈರನ್ನಿಗೆ ಜಾಗವಿಲ್ಲದ ಮಳೆಗಾಲ

ಮೊನ್ನೆ ಮಿಕ್ಸರ್ ಕೆಟ್ಟಿತೆಂದು ಬಾಗಲಕೋಟೆಯ ನವನಗರದ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಅಂದು ಅಮಾವಾಸ್ಯೆ. ಅಂಗಡಿಯವನು ಮೇಜಿನ ಒಂದು ತುದಿಯಲ್ಲಿ ಬೆಸುಗೆ ಹಾಕುತ್ತಿದ್ದ. ಇನ್ನೊಂದು ತುದಿಯಲ್ಲಿ ಅವನ ಹೆಂಡತಿ ಮೀಟರಿಗೆ, ಸ್ಕ್ರೂಡ್ರೈವರಿಗೆ ಕುಂಕುಮ ಹಚ್ಚಿ ಕರ್ಪೂರ ಬೆಳಗುತ್ತಿದ್ದಳು. ಬೆಸುಗೆಯ ರಾಳದ ಹೊಗೆ, ಕರ್ಪೂರದ ಹೊಗೆ ಎರಡೂ ಕೂಡಿ ಮೂಗಿಗೆ ಬಡಿದವು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಎರಡು ಸಲ ಉಗುಳಿದೆ. ಪಾಪ, ಆ ಗಂಡಹೆಂಡಿರ ತಪ್ಪೇನೂ ಇಲ್ಲ. ಒಳ್ಳೆಯ ಜನ, ಮಿಕ್ಸರನ್ನೂ ಚೊಕ್ಕ ಮಾಡಿಕೊಟ್ಟರು. ನನಗೆ ಹೇಸಿಗೆ ಬಂದದ್ದು ಬೇರೆ ಒಬ್ಬರ ಮಹಡಿಯ ಮೇಲೆ ಇದೇ ವಾಸನೆ ಕುಡಿದ ಒಂದು ಮಳೆಗಾಲ ನೆನಪಾಗಿ.

ಆಗ ನಾನು ಇದೇ ನವನಗರದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಂಪನಿ ಎಂದರೆ ಮಾಲೀಕ ವೀರಣ್ಣನವರ ಮನೆಯ ಮೇಲಿನ ಎರಡು ಕೋಣೆ. ಬೋರ್‌ವೆಲ್ ಪಂಪಿಗೆ ಸ್ಟಾರ್ಟರು, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಯಂತ್ರಗಳಿಗೆ ಕಂಟ್ರೋಲ್ ಬೋರ್ಡು, ಇಂಥವನ್ನು ಮಾಡುತ್ತಿದ್ದೆವು. ಬೋರ್ಡಿನ ಮೇಲೆ ಕೂರುವ ಚಿಪ್‌ಗೆ ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ನನ್ನ ಕೈಕೆಳಗೆ ಸಂತೋಷ ಅಂತ ಒಬ್ಬನಿದ್ದ, ಎರಡು ವರ್ಷದ ಅನುಭವಿ, ಬಾಯಲ್ಲಿ ಸದಾ 'ಆಗ್ತೈತಿ ಬಿಡ್ರಿ' ಅನ್ನುವ ಮಂತ್ರ. ವೀರಣ್ಣನವರು ದೈವಭಕ್ತರು. ಪ್ರತಿ ಅಮಾವಾಸ್ಯೆಗೆ ತಯಾರಾದ ಬೋರ್ಡುಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಡಿಸಿ, ಕುಂಕುಮ ಹಚ್ಚಿಸಿ, ಕಾಯಿ ಒಡೆಸುತ್ತಿದ್ದರು. ಅದಕ್ಕೆ ನನ್ನ ತಕರಾರಿಲ್ಲ, ನಮ್ಮ ಮನೆಯಲ್ಲೂ ಪೂಜೆ ಇದೆ. ಆದರೆ ಪೂಜೆಯಾದ ಬೋರ್ಡಿಗೆ ಮತ್ತೆ ಟೆಸ್ಟಿಂಗ್ ಯಾಕೆ ಅನ್ನುವ ಪೈಕಿ ಅವರು. ಕಾಯಿನೀರು ಬೋರ್ಡಿನ ಮೇಲೆ ಸಿಡಿದರೆ ನಾನು ಒರೆಸುತ್ತಿದ್ದೆ. "ಪ್ರಸಾದ ಐತಿ, ಇರ್ಲಿ ಬಿಡ್ರಿ" ಅನ್ನುತ್ತಿದ್ದರು.

ಆ ವರ್ಷ ನಮಗೆ ಮಲಪ್ರಭೆಯ ದಂಡೆಯ ಊರುಗಳಿಗೆ ಪ್ರವಾಹದ ಸೈರನ್ ಡಬ್ಬಿ ಮಾಡಿಕೊಡುವ ಕೆಲಸ ಬಂತು. ಸೇತುವೆಯ ಕಂಬದಲ್ಲಿ ಒಂದು ಸೆನ್ಸರ್ ನೀರಿನ ಮಟ್ಟ ನೋಡುತ್ತದೆ. ನೀರು ಅಪಾಯದ ಗೆರೆ ದಾಟಿದರೆ ಊರಿನ ಎತ್ತರದ ಜಾಗದಲ್ಲಿಟ್ಟ ಡಬ್ಬಿ ದೊಡ್ಡ ಸೈರನ್ ಹಾಕಿ 'ಹೊಳಿ ಬಂದೈತಿ, ಮ್ಯಾಲ ನಡೀರಿ' ಅಂತ ಕೂಗುತ್ತದೆ. ಇಷ್ಟೇ ಕೆಲಸ. ಎಷ್ಟೋ ವರ್ಷಗಳ ಮೇಲೆ ಒಂದು ಒಳ್ಳೆಯ ಕೆಲಸ ಸಿಕ್ಕಿತೆಂದು ನಾನು ಕುಣಿದಾಡಿದ್ದೆ, ಯಾಕೆಂದರೆ ಆ ಊರುಗಳಲ್ಲಿ ಒಂದು ನನ್ನ ಅಕ್ಕ ಶಿವಲೀಲಾಳನ್ನು ಕೊಟ್ಟ ಊರು. ಐಹೊಳೆಗೂ ಕೂಡಲಸಂಗಮಕ್ಕೂ ನಡುವೆ ಹೊಳೆಗೆ ಅಂಟಿಕೊಂಡಂತಿದೆ, ಹೆಸರು ಬೇಡ. ಅಕ್ಕನ ಮನೆ ಕೆಳಗಿನ ಓಣಿಯಲ್ಲಿ. ಭಾವ ಇಳಕಲ್ಲಿನ ಗ್ರಾನೈಟ್ ಲಾರಿ ಓಡಿಸುವವರು, ಅರ್ಧ ತಿಂಗಳು ರಸ್ತೆಯ ಮೇಲೇ. ಅಕ್ಕ ಹಗಲೆಲ್ಲ ಮೇಲಿನ ಉಳ್ಳಾಗಡ್ಡಿ ಹೊಲದಲ್ಲಿ. ಮನೆಯಲ್ಲಿ ಉಳಿಯುವವರು ಅವಳ ಅತ್ತೆ ಗಂಗವ್ವ ಮತ್ತು ಹಿತ್ತಲ ಕೊಟ್ಟಿಗೆಯ ಎರಡು ಎಮ್ಮೆ. ಗಂಗವ್ವನಿಗೆ ಆ ಎಮ್ಮೆಗಳೆಂದರೆ ಪ್ರಾಣ. ಮಗ ಊಟ ಮಾಡಿದನೋ ಇಲ್ಲವೋ ಕೇಳದಿದ್ದರೂ ಎಮ್ಮೆ ನೀರು ಕುಡಿದವೋ ಅಂತ ನಾಲ್ಕು ಸಲ ಕೇಳುವ ಮುದುಕಿ.

ಡಬ್ಬಿ ಬರುವ ಮೊದಲು ಆ ಊರಲ್ಲಿ ಪಾಳಿ ಇತ್ತು. ಮಳೆಗಾಲದಲ್ಲಿ ಕೆಳಗಿನ ಓಣಿಯ ಮನೆಗೊಬ್ಬರಂತೆ ಹೊಳೆಯ ದಂಡೆಯಲ್ಲಿ ಕೂತು ನೀರು ಕಾಯುವುದು, ಏರಿದರೆ ತಾಟು ಬಡಿಯುತ್ತಾ ಓಣಿಯಲ್ಲಿ ಓಡುವುದು. ಬೇಜಾರಿನ ಕೆಲಸ, ಆದರೂ ಯಾರೂ ತಪ್ಪಿಸುತ್ತಿರಲಿಲ್ಲ. ಡಬ್ಬಿ ಬರುತ್ತದೆಂದು ಗೊತ್ತಾದ ಮೇಲೆ ಪಾಳಿ ನಿಲ್ಲಿಸಿದರು. ನನ್ನನ್ನೇ ನಂಬಿ ನಿಲ್ಲಿಸಿದರು ಅಂದರೂ ತಪ್ಪಲ್ಲ. "ನಮ್ಮ ತಂಗಿ ಮಾಡಿದ ಡಬ್ಬಿ" ಅಂತ ಅಕ್ಕ ಊರೆಲ್ಲ ಸಾರಿ ಬಂದಿದ್ದಳು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಹೊಲಸು ಅರ್ಥವಾಗುವುದಿಲ್ಲ. ಪ್ರೋಗ್ರಾಮನ್ನು ನಾವು ತುಂಡು ತುಂಡಾಗಿ ಬರೆಯುತ್ತೇವೆ. ನೀರು ಅಳೆಯುವುದು ಒಂದು ತುಂಡು, ಸೈರನ್ ಕೂಗಿಸುವುದು ಇನ್ನೊಂದು. ಯಾವ ತುಂಡು ಚಿಪ್‌ನ ಒಳಗೆ ಎಲ್ಲಿ ಕೂರಬೇಕೆಂದು ಜೋಡಿಸುವ ಸಾಧನಕ್ಕೆ ಲಿಂಕರ್ ಅನ್ನುತ್ತಾರೆ. ಲಿಂಕರಿಗೆ ಚಿಪ್ ಕಣ್ಣಿಗೆ ಕಾಣುವುದಿಲ್ಲ. ನಾವೇ ಒಂದು ನಕ್ಷೆ ಬರೆದು ಕೊಡಬೇಕು, ಅದೇ ಲಿಂಕರ್ ಸ್ಕ್ರಿಪ್ಟ್. ಪ್ರೋಗ್ರಾಮ್ ಉಳಿಯುವ ಜಾಗ ಇಲ್ಲಿಂದ ಶುರು, ಇಷ್ಟು ಉದ್ದ. ಕೆಲಸ ಮಾಡುವಾಗ ಬೇಕಾಗುವ ಜಾಗ ಅಲ್ಲಿಂದ ಶುರು, ಅಷ್ಟು ಉದ್ದ. ನಾಲ್ಕು ಸಾಲಿನ ಮಾತು. ಬಾಗಲಕೋಟೆಯವರಿಗೆ ಇದು ತಟ್ಟನೆ ತಿಳಿಯುತ್ತದೆ, ಹಳೇ ಊರನ್ನು ಹಿನ್ನೀರಿಗೆ ಕೊಟ್ಟು ಸೆಕ್ಟರು ಸೈಟು ಅಂತ ಹಂಚಿಕೊಂಡು ಬಂದ ಜನ ನಾವು. ಮೂವತ್ತು ನಲವತ್ತರ ಸೈಟನ್ನು ಕಾಗದದ ಮೇಲೆ ಅರವತ್ತು ನಲವತ್ತು ಅಂತ ತಿದ್ದಿದರೆ ನೆಲ ಹಿಗ್ಗುತ್ತದೆಯೇ? ಅಡುಗೆಮನೆ ಗಟಾರದ ಮೇಲೆ ಬರುತ್ತದೆ, ಅಷ್ಟೇ.

ನಮ್ಮ ಚಿಪ್‌ನಲ್ಲಿ ಪ್ರೋಗ್ರಾಮಿಗಿದ್ದ ಜಾಗ ಅರವತ್ನಾಲ್ಕು ಕಿಲೋಬೈಟು. ನಕ್ಷೆಯಲ್ಲೂ ನಾನು ಅದನ್ನೇ ಬರೆದಿದ್ದೆ. ಊರೂರಿಗೆ ಎಚ್ಚರಿಕೆಯ ಮಾತು ಬೇರೆ ಬೇರೆ ಇರಲಿ, ಬೇಕಾದಾಗ ಅದೊಂದನ್ನೇ ಬದಲಾಯಿಸಬಹುದು ಅಂತ ಸೈರನ್ ತುಂಡನ್ನು ಎಲ್ಲಕ್ಕಿಂತ ಕೊನೆಗೆ ಕೂರಿಸಿದ್ದೆ. ಎಲ್ಲ ಸೇರಿ ಅರ್ಧ ಜಾಗವೂ ತುಂಬಿರಲಿಲ್ಲ. ಮೇಜಿನ ಮೇಲೆ ಬೋರ್ಡು ಇಟ್ಟು ಕೂಗಿಸಿದಾಗ ಪಕ್ಕದ ಮನೆಯವರು ಜಗಳಕ್ಕೆ ಬಂದರು. ಅಷ್ಟು ಚೆನ್ನಾಗಿ ಕೂಗುತ್ತಿತ್ತು.

ಅಷ್ಟರಲ್ಲಿ ನನಗೆ ಕಾಮಾಲೆಯಾಯಿತು. ಬಾದಾಮಿಯ ತವರಿಗೆ ಹೋಗಿ ಮಲಗಿದೆ. ಅವ್ವ ಸಪ್ಪೆ ಗಂಜಿ ಕುಡಿಸುತ್ತಾ ಫೋನು ಮುಟ್ಟಗೊಡಲಿಲ್ಲ. ಹೊರಗೆ ಮಳೆ ಹಿಡಿದಿತ್ತು, ಗುಡ್ಡದ ಕೆಂಪು ನೀರು ಬೀದಿಯ ತುಂಬ ಹರಿಯುತ್ತಿತ್ತು, ನಾನು ಹಳದಿ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದೆ. ಆಗಲೇ ಬಾಗಲಕೋಟೆಯಲ್ಲಿ ಉದ್ಘಾಟನೆಯ ತಯಾರಿ ನಡೆದದ್ದು.

ಡಬ್ಬಿಯ ಸ್ವಿಚ್ ಒತ್ತಲು ಒಬ್ಬ ನಾಯಕರು ಬರುವವರಿದ್ದರು. ಅವರು ಸ್ವಿಚ್ ಒತ್ತಿದ ಕೂಡಲೇ ಡಬ್ಬಿಯೇ ಅವರ ಹೆಸರು ಹೇಳಿ ಸ್ವಾಗತ ಕೋರಿದರೆ ಹೇಗೆ ಅಂತ ವೀರಣ್ಣನವರಿಗೆ ಹೊಳೆಯಿತು. ಸಂತೋಷ ಒಂದು ಹೆಣ್ಣುದನಿಯಲ್ಲಿ ಸ್ವಾಗತ ರೆಕಾರ್ಡ್ ಮಾಡಿಸಿ ಸೇರಿಸಿದ. ಸುದ್ದಿ ಹೊರಗೆ ಹೋಯಿತು. ಇನ್ನೊಬ್ಬರು ಮುಖಂಡರು ಫೋನ್ ಮಾಡಿ, ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರಿದೆ, ಡಬ್ಬಿಯಲ್ಲಿ ಯಾಕಿಲ್ಲ ಅಂದರು. ಅವರದ್ದೂ ಸೇರಿತು. ಆಮೇಲೆ ಅವರ ಎದುರಾಳಿಯದು. ಆಮೇಲೆ ಒಬ್ಬ ಗುತ್ತಿಗೆದಾರ, ಅವನ ಅಣ್ಣ. ಒಬ್ಬೊಬ್ಬರ ಹಿಂದೆ 'ಅಭಿವೃದ್ಧಿಯ ಹರಿಕಾರರು', 'ಜನಾನುರಾಗಿ', 'ಕೊಡುಗೈ ದಾನಿ' ಅಂತ ಬಾಲ. ಚಿಪ್‌ನಲ್ಲಿ ದನಿ ಇಡುವುದೆಂದರೆ ಬಹಳ ಜಾಗ ಬೇಡುತ್ತದೆ. ಒಂದೊಂದು ಬಿರುದೂ ನನ್ನ ಇಡೀ ನೀರು ಅಳೆಯುವ ತುಂಡಿಗಿಂತ ದೊಡ್ಡದಾಗಿತ್ತು. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಒಂದು ಕಡೆ ಜಾಗ ತಿಂದದ್ದು ಸಾಕು.

ನಾನು ಎದ್ದು ಬರುವ ಹೊತ್ತಿಗೆ ಉದ್ಘಾಟನೆ ಮುಗಿದಿತ್ತು. ಡಬ್ಬಿ ಅಕ್ಕನ ಊರಲ್ಲಿ ದಾದಾಪೀರನ ಹಿಟ್ಟಿನ ಗಿರಣಿಯ ಮೇಲೆ ಕೂತಿತ್ತು. ಊರೆಲ್ಲ ಖುಷಿ. ಅಕ್ಕ ಫೋನಿನಲ್ಲಿ ನಗುನಗುತ್ತಾ ಹೇಳಿದಳು: "ಏನ ಮಾತಾಡತೈತೆ ಯವ್ವಾ ನಿನ್ನ ಡಬ್ಬಿ! ಕರೆಂಟ ಹೋಗಿ ಬಂದ್ರ ಸಾಕು, ಎಲ್ಲಾರ ಹೆಸರ ಹಿಡದ ಕರೀತೈತಿ. ನಮ್ಮತ್ತಿ ಅಂತೂ ಅದಕ್ಕ ಕೈ ಮುಗಿತಾಳ."

ಅಷ್ಟು ಹೆಸರು ಅರವತ್ನಾಲ್ಕರಲ್ಲಿ ಹೇಗೆ ಹಿಡಿಸಿದವು? ಕಂಪ್ಯೂಟರ್ ತೆಗೆದು ನಕ್ಷೆ ನೋಡಿದೆ. ಉದ್ದ ನೂರಾ ಇಪ್ಪತ್ತೆಂಟು ಅಂತಿತ್ತು.

"ಸಂತೋಷಾ, ಇದನ್ಯಾರ ತಿದ್ದಿದವರು?"

"ನಾನ ರೀ ಮೇಡಂ." ಅವನಿಗೆ ಅಳುಕೂ ಇಲ್ಲ. "ಹೆಸರ ಹಾಕಿದಂಗ ಹಾಕಿದಂಗ ಎರರ್ ಬರಾಕತ್ತಿತ್ತರಿ. ಜಾಗಾ ಸಾಲವಲ್ದು, ಇಷ್ಟ ಹೊರಗ ಉಳದೈತಿ ಅಂತ. ಅಲ್ಲೆ ಅರವತ್ನಾಕ ಇದ್ದದ್ದನ್ನ ಡಬಲ್ ಮಾಡಿದೆ. ಎರರ್ ಹೋತು."

"ಎರರ್ ಹೋಗಿಲ್ಲೋ ಮಾರಾಯಾ. ಅದು ಖರೆ ಹೇಳಾಕತ್ತಿತ್ತು, ನೀ ಅದರ ಬಾಯಿ ಮುಚ್ಚಿಸಿದಿ."

"ಅಲ್ರಿ, ಇಲ್ಲೆ ಟೇಬಲ್ ಮ್ಯಾಲ ನಡೀತಲ್ರಿ! ಸೈರನ್ನೂ ಕೂಗ್ತು. ಬೇಕಾದ್ರ ತೋರಸ್ತೇನಿ."

ತೋರಿಸಿದ. ಕೂಗಿತು. ಅಲ್ಲೇ ಇರುವುದು ಮೋಸ. ಆ ಜಾತಿಯ ಚಿಪ್‌ಗಳಲ್ಲಿ ಕೆಲವಕ್ಕೆ ಅರವತ್ನಾಲ್ಕು ಅಂತ ಬರೆದಿದ್ದರೂ ಒಳಗೆ ಹೆಚ್ಚಿನ ಜಾಗ ಸುಮ್ಮನೆ ಇರುತ್ತದೆ. ಇದ್ದರೆ ನಿಮ್ಮ ಪುಣ್ಯ, ಇಲ್ಲದಿದ್ದರೆ ಕೇಳುವಂತಿಲ್ಲ. ನಮ್ಮ ಮೇಜಿನ ಮೇಲಿದ್ದದ್ದು ಹಳೆಯ ಸರಕು, ಅದರಲ್ಲಿತ್ತು. ಊರುಗಳಿಗೆ ಹೋದದ್ದು ವೀರಣ್ಣನವರು ಅಗ್ಗಕ್ಕೆ ತರಿಸಿದ ಹೊಸ ಸರಕು. ಅದರ ಒಂದು ಬೋರ್ಡು ಮೂಲೆಯಲ್ಲಿ ಬಿದ್ದಿತ್ತು, ತಂದು ಹಚ್ಚಿದೆ. ಸ್ವಾಗತ ಗಂಟೆಯ ನಾದದಂತೆ ಬಂತು. ಸೈರನ್ ಕೂಗಿಸಲು ಹೋದರೆ ಬೋರ್ಡು ಗಕ್ಕನೆ ನಿಂತಿತು. ಅರವತ್ನಾಲ್ಕರ ಗೆರೆಯ ಆಚೆ ಏನೂ ಇರಲಿಲ್ಲ. ದೊಡ್ಡವರೆಲ್ಲ ಒಳಗೆ ಕಾಲು ಚಾಚಿ ಕೂತಿದ್ದರು, ಸೈರನ್ ಗಟಾರದ ಪಾಲಾಗಿತ್ತು.

"ಪ್ರೋಗ್ರಾಮ್ ತುಂಬಿದ ಮ್ಯಾಲ ಸರಿ ಕುಂತೈತಿಲ್ಲೋ ಅಂತ ಯಂತ್ರಾನ ತಾಳೆ ನೋಡ್ತೈತಲ್ಲ, ಆವಾಗ ತಪ್ಪು ತೋರಸಲಿಲ್ಲೇನು?"

"ತೋರಸ್ತಿತ್ರಿ," ಅಂದ ಸಂತೋಷ, ಈಗ ಸ್ವಲ್ಪ ಮೆಲ್ಲಗೆ. "ಉದ್ಘಾಟನಿ ಮರುದಿನಾನ ಇತ್ತಲ್ರಿ, ಸಾಹೇಬ್ರು ಅವಸರ ಮಾಡಾಕತ್ತಿದ್ರು. ತಾಳೆ ನೋಡೂದ ಬ್ಯಾಡ ಅಂತ ಟಿಕ್ ತಗದಬಿಟ್ಟೆ."

ಥೂ! ನನಗೆ ಅವನ ಮುಖ ನೋಡಲಾಗಲಿಲ್ಲ. ತಿಳಿಯದೆ ಮಾಡಿದ್ದರೆ ಬೈದು ಮರೆಯಬಹುದಿತ್ತು. ಯಂತ್ರ ಎರಡು ಸಲ ಕೈ ಹಿಡಿದು 'ಬೇಡ' ಅಂದಿದೆ, ಎರಡು ಸಲವೂ ಇವನು ಅದರ ಬಾಯಿಗೆ ಬಟ್ಟೆ ತುರುಕಿದ್ದಾನೆ.

ಕೆಳಗೆ ಇಳಿದು ವೀರಣ್ಣನವರ ಮುಂದೆ ಎಲ್ಲ ಹೇಳಿದೆ. ಅವರು ಶಾಂತವಾಗಿ ಎಲೆಯಡಿಕೆ ಮೆಲ್ಲುತ್ತಾ ಕೇಳಿದರು. ಡಬ್ಬಿಗಳನ್ನು ನಾಳೆಯೇ ಇಳಿಸಿ ಸರಿ ಮಾಡಬೇಕು ಅಂದೆ.

"ಇಳಸೂದು?" ಅಂದರು. "ಉದ್ಘಾಟನಿ ಆಗಿ ಇನ್ನಾ ಹಾರ ಬಾಡಿಲ್ಲ. ಈಗ ಡಬ್ಬಿ ಇಳಸಿದ್ರ ಆ ನಾಯಕರ ಮಾರಿ ಏನಾಗಬೇಕು? ನಮ್ಮ ಮಾರಿ ಏನಾಗಬೇಕು?"

"ಹೊಳಿ ಬಂದ್ರ ಮಂದಿ ಮಾರಿ ಏನಾಗಬೇಕ್ರಿ?"

"ಹಂಗ ಅಪಶಕುನ ಮಾತಾಡಬಾರ್ದವಾ. ಎಲ್ಲಾ ಡಬ್ಬಿಗೂ ಪೂಜಿ ಆಗೈತಿ. ಈ ವರ್ಷ ಮಳಿನೂ ಕಡಿಮಿ ಅಂತ ಹೇಳ್ಯಾರ. ದೀಪಾವಳಿ ಆಗ್ಲಿ, ಸಾವಕಾಶ ಮಾಡೂಣು. ಅಡ್ಜಸ್ಟ್ ಮಾಡ್ಕೋರಿ ಸ್ವಲ್ಪ."

ಅಡ್ಜಸ್ಟ್! ಬಸ್ಸಿನ ಸೀಟಿನಲ್ಲಿ ಸರಿಯುವುದಕ್ಕೂ ಅದೇ ಮಾತು, ಒಂದು ಓಣಿಯ ಜನ ಮುಳುಗುವುದಕ್ಕೂ ಅದೇ ಮಾತು. ಆ ಎಲೆಯಡಿಕೆಯ ಕೆಂಪು ಬಾಯಿ ಈಗಲೂ ನನ್ನ ಕಣ್ಣ ಮುಂದೆ ಬಂದರೆ ಊಟ ಸೇರುವುದಿಲ್ಲ.

ಅಕ್ಕನಿಗೆ ಫೋನ್ ಮಾಡಿ, ನಾನು ಬಂದು ಸರಿ ಮಾಡುವತನಕ ಡಬ್ಬಿಯನ್ನು ನಂಬಬೇಡಿ, ಪಾಳಿ ಮತ್ತೆ ಹಚ್ಚಿರಿ ಅಂದೆ. ಅವಳು ಓಣಿಯಲ್ಲಿ ಹೇಳಿಯೂ ಹೇಳಿದಳು. ಸಂಜೆ ಅವಳೇ ಫೋನ್ ಮಾಡಿದಳು.

"ಯಾರೂ ಕೇಳವಲ್ರ ತಂಗಿ. ಅಷ್ಟ ಚಂದ ಮಾತಾಡೂ ಡಬ್ಬಿ ಹೆಂಗ ಕೆಡತೈತಿ ಅಂತಾರ. ಮುಂಜಾನಿ ಕರೆಂಟ ಬಂದಾಗೂ ಕೂಗಿತು. ದಾದಾಪೀರಣ್ಣ ಒಬ್ಬ ಹೊಳಿ ಕಡೆ ಹೋಗಿ ನೋಡಿ ಬಂದ. ಉಳದವ್ರು ನಕ್ಕರು."

ಹೊಸ ಪ್ರೋಗ್ರಾಮು, ಅದನ್ನು ಚಿಪ್‌ಗೆ ತುಂಬುವ ಸಾಧನ, ಕಂಪ್ಯೂಟರ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಮರುದಿನವೇ ಹೊರಟೆ. ವೀರಣ್ಣನವರನ್ನು ಕೇಳಲಿಲ್ಲ. ಬಾಗಲಕೋಟೆಯಲ್ಲಿ ಬಿಸಿಲಿತ್ತು. ಹುನಗುಂದದಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನ ತುಂಬ ಒಂದೇ ಸುದ್ದಿ, ಮೇಲಿನ ಸೀಮೆಯಲ್ಲಿ ಮಳೆ ಜಡಿದು ಅಣೆಕಟ್ಟಿನ ನೀರು ಬಿಟ್ಟಿದ್ದಾರೆ. ಇಲ್ಲಿ ಒಂದು ಹನಿ ಇಲ್ಲ. ಮಲಪ್ರಭೆಯ ದಗಲಬಾಜಿಯೇ ಅದು, ತಲೆಯ ಮೇಲೆ ಬಿಸಿಲು ಇಟ್ಟು ಕಾಲ ಕೆಳಗೆ ಬರುತ್ತದೆ. ಟಂಟಂ ಆಟೊ ಹಿಡಿದು ಸೇತುವೆಗೆ ಬಂದರೆ ಪೊಲೀಸರು ಅಡ್ಡ ಹಗ್ಗ ಕಟ್ಟಿದ್ದರು. ಸೇತುವೆ ಕಾಣುತ್ತಿರಲಿಲ್ಲ. ಕಂದು ನೀರು, ನೊರೆ, ಜೋಳದ ದಂಟು, ಯಾರದೋ ಮನೆಯ ಬಾಗಿಲು, ಎಲ್ಲ ಒಟ್ಟಿಗೆ ಉರುಳುತ್ತಿದ್ದವು.

ಆಚೆ ದಂಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು. ನೀರಿನ ಭೋರ್ಗರೆತದ ಮೇಲೆ ಸ್ಪಷ್ಟವಾಗಿ, ನಯವಾಗಿ. 'ನಮ್ಮ ಗ್ರಾಮಕ್ಕೆ ಆಗಮಿಸಿರುವ ಅಭಿವೃದ್ಧಿಯ ಹರಿಕಾರರಿಗೆ ಹಾರ್ದಿಕ ಸ್ವಾಗತ. ಕೊಡುಗೈ ದಾನಿಗಳಿಗೆ ಹಾರ್ದಿಕ ಸ್ವಾಗತ.' ಮುಗಿಯಿತು. ಸ್ವಲ್ಪ ಹೊತ್ತು ಮೌನ. ಮತ್ತೆ ಮೊದಲಿನಿಂದ, 'ನಮ್ಮ ಗ್ರಾಮಕ್ಕೆ ಆಗಮಿಸಿರುವ...'

ನನಗೆ ಏನಾಗುತ್ತಿದೆಯೆಂದು ನಿಂತಲ್ಲೇ ಗೊತ್ತಾಯಿತು. ಡಬ್ಬಿ ಏಳುತ್ತದೆ, ಸ್ವಾಗತ ಹೇಳುತ್ತದೆ, ನೀರು ನೋಡುತ್ತದೆ. ಗೆರೆ ದಾಟಿದೆ ಅಂತ ಅದಕ್ಕೆ ಸರಿಯಾಗಿ ತಿಳಿಯುತ್ತದೆ. ಸೈರನ್ ಕೂಗಿಸಲು ಹೋಗುತ್ತದೆ, ಅಲ್ಲಿ ಸೈರನ್ ಇಲ್ಲ, ಸಾಯುತ್ತದೆ. ಸತ್ತರೆ ತಾನೇ ಮತ್ತೆ ಎಬ್ಬಿಸುವ ವ್ಯವಸ್ಥೆ ಚಿಪ್‌ನಲ್ಲಿರುತ್ತದೆ. ಏಳುತ್ತದೆ, ಮತ್ತೆ ಸ್ವಾಗತ. ಪಕ್ಕದಲ್ಲಿ ನಿಂತವನೊಬ್ಬ ಬೀಡಿ ಹಚ್ಚಿ ತನ್ನ ಗೆಳೆಯನಿಗೆ ಅಂದ, "ಹೊಳಿಗೆ ಸ್ವಾಗತ ಮಾಡಾಕತ್ತಾರ ನೋಡಲೇ!" ಇಬ್ಬರೂ ನಕ್ಕರು. ನಾನು ಅಲ್ಲೇ ರಸ್ತೆಯ ಬದಿಗೆ ಕೂತು ವಾಂತಿ ಮಾಡಿಕೊಂಡೆ.

ಅಕ್ಕನಿಗೆ ಫೋನ್ ಹಚ್ಚಿದೆ. ಅವಳು ಹೊಲದಲ್ಲಿ ಉಳ್ಳಾಗಡ್ಡಿ ಕಳೆ ತೆಗೆಯುತ್ತಿದ್ದಳು.

"ಏನ ತಂಗಿ, ಯಾರ ಬಂದಾರ ಇವತ್ತ ಊರಾಗ? ಆವಾಗಿಂದ ಒಂದ ಸವನ ಸ್ವಾಗತ ನಡದೈತಿ..."

"ಹೊಳಿ ಬಂದೈತ ಅಕ್ಕಾ! ಯಾರೂ ಬಂದಿಲ್ಲ, ಹೊಳಿ ಬಂದೈತಿ! ಅತ್ತಿನ್ನ ಎತ್ತು, ಓಡು!"

ಅವಳು ಫೋನನ್ನು ಕೈಯಲ್ಲಿ ಹಿಡಿದೇ ಓಡಿದಳು. ಅವಳ ಏದುಸಿರು, 'ಯವ್ವಾ ಯವ್ವಾ' ಅನ್ನುವುದು, ಹಿಂದೆ ಆ ನಯವಾದ ದನಿ, ಎಲ್ಲ ನನ್ನ ಕಿವಿಯಲ್ಲಿ. ಆಮೇಲೆ ಕಟ್ಟಾಯಿತು.

ನೀರು ಇಳಿದು ನಾನು ಆಚೆ ದಾಟಿದಾಗ ಕೆಳಗಿನ ಓಣಿ ಓಣಿಯಾಗಿರಲಿಲ್ಲ. ಮೊಣಕಾಲುದ್ದ ರಾಡಿ, ಕೊಳೆತ ಜೋಳದ ನಾತ, ನೊಣ. ಮನುಷ್ಯರು ಉಳಿದಿದ್ದರು. ಉಳಿಸಿದ್ದು ನಮ್ಮ ಡಬ್ಬಿ ಅಲ್ಲ. ಅಕ್ಕನ ಕೂಗು ಕೇಳಿ ಗಿರಣಿಯಿಂದ ದಾದಾಪೀರ ಓಡಿ ಬಂದಿದ್ದ, ಅವನ ಹಿಂದೆ ಇನ್ನಷ್ಟು ಜನ. ಗಂಗವ್ವ ಮನೆಯೊಳಗಿರಲಿಲ್ಲ. ಕೊಟ್ಟಿಗೆಯಲ್ಲಿದ್ದಳು, ಎದೆಮಟ್ಟ ನೀರಿನಲ್ಲಿ. ಎಮ್ಮೆಯ ಹಗ್ಗ ನೆನೆದು ಗಂಟು ಬಿಗಿದುಹೋಗಿತ್ತು, ಅವಳ ಮುದಿ ಬೆರಳಿಗೆ ಬಿಚ್ಚಲು ಬರಲಿಲ್ಲ. ದಾದಾಪೀರ ಬೆನ್ನ ಮೇಲೆ ಹೊತ್ತು ತಂದಾಗಲೂ ಬರುವುದಿಲ್ಲವೆಂದು ಅವನ ಭುಜ ಕಚ್ಚಿದ್ದಳಂತೆ. ಅವನು ಗಾಯ ತೋರಿಸಿದ. "ಅರ್ಧಾ ತಾಸು ಮೊದ್ಲ ಗೊತ್ತಾಗಿದ್ರ ಹಗ್ಗಾ ಕೊಡ್ಲಿಲೆ ಕಡದ ಬಿಡ್ತಿದ್ನಿ ಯವ್ವಾ," ಅಂದ. ಎರಡೂ ಎಮ್ಮೆ ಗೂಟದಲ್ಲೇ ಸತ್ತಿದ್ದವು. ನಾನು ಹೋದಾಗ ಹೊಟ್ಟೆ ಉಬ್ಬಿ ಕಾಲು ಮೇಲಾಗಿ ಬಿದ್ದಿದ್ದವು, ಎಳೆಯಲು ಟ್ರ್ಯಾಕ್ಟರ್ ಬರಬೇಕಿತ್ತು.

ಗಂಗವ್ವ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದಳು. ಅಕ್ಕ ನನ್ನನ್ನು ನೋಡಿ ಮುಖ ತಿರುಗಿಸಿದಳು. ತಿರುಗದೆಯೇ ಅಂದಳು, "ಊರ ತುಂಬ ನಮ್ಮ ತಂಗಿ ಡಬ್ಬಿ, ನಮ್ಮ ತಂಗಿ ಡಬ್ಬಿ ಅಂತ ಹೇಳಿದ್ನಿ." ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಕ್ಷೆ ತಿದ್ದಿದವಳು ನಾನಲ್ಲ ಅಂತ ಆ ರಾಡಿಯಲ್ಲಿ ನಿಂತು ಯಾರಿಗೆ ಹೇಳಲಿ?

ಬಾಗಲಕೋಟೆಗೆ ಮರಳಿದರೆ ವೀರಣ್ಣನವರು ಹೊಸ ವರಸೆ ತೆಗೆದಿದ್ದರು. ಡಬ್ಬಿ ಸದ್ದು ಮಾಡಿದ್ದು ಖರೆ ತಾನೆ? ಒಂದೇ ಸಮನೆ ಮಾಡಿದೆ ತಾನೆ? ಸದ್ದು ಕೇಳಿ ಜನ ಎಚ್ಚೆತ್ತರು, ಜೀವಹಾನಿಯಿಲ್ಲ. ಹೀಗೇ ಎಲ್ಲರಿಗೂ ಹೇಳಿ ಮುಗಿಸಿದ್ದರು. ನಾಯಕರು ಸಂತ್ರಸ್ತರಿಗೆ ಕಿಟ್ ಹಂಚಲು ಅದೇ ಊರಿಗೆ ಬರುವವರಿದ್ದರು, ಅವತ್ತೇ ಸುಧಾರಿಸಿದ ಡಬ್ಬಿಯ ಮರು ಉದ್ಘಾಟನೆಯಂತೆ.

"ಈ ಸಲ ನೀವ ಖುದ್ದ ಮಾಡ್ರಿ," ಅಂದರು ನನಗೆ. "ಸೈರನ್ ಸ್ವಲ್ಪ ಸಣ್ಣದ ಮಾಡಿದ್ರ ಎಲ್ಲಾ ಹಿಡಸ್ತೈತಲ್ಲ? ಹೆಸರ ಮಾತ್ರ ಮುಟ್ಟಬ್ಯಾಡ್ರಿ. ಇನ್ನ ಎರಡ ಹೆಸರ ಅದಾವು, ಸಂತೋಷನ ಕಡೆ ಕೊಟ್ಟೇನಿ."

ನಾನು ಅವರ ಮುಖವನ್ನೇ ನೋಡಿದೆ. ವಿಭೂತಿ ನೀಟಾಗಿತ್ತು. ಆ ಕ್ಷಣವೇ ಕೆಲಸ ಬಿಟ್ಟು ಬರಬೇಕಿತ್ತು. ಬಂದಿದ್ದರೆ ಸಂತೋಷನೇ ಬರೆಯುತ್ತಿದ್ದ. "ಆತ್ರಿ," ಅಂದೆ.

ನಕ್ಷೆಯಲ್ಲಿ ಅರವತ್ನಾಲ್ಕು ಅಂತ ಮತ್ತೆ ಬರೆದೆ. ಸೈರನ್ನಿಗೆ ಈ ಸಲ ಕೊನೆಯಲ್ಲಲ್ಲ, ಮೊದಲಲ್ಲೇ ಬೇರೆ ಗಡಿ ಹಾಕಿ ಜಾಗ ಕಾದಿರಿಸಿದೆ, ಬೇರೆ ಯಾವ ತುಂಡೂ ಅಲ್ಲಿ ಕಾಲಿಡುವಂತಿರಲಿಲ್ಲ. ಎಚ್ಚರಿಕೆಯ ಮಾತನ್ನು ಅಕ್ಕನ ದನಿಯಲ್ಲೇ ರೆಕಾರ್ಡ್ ಮಾಡಿದೆ, ಉದ್ದಕ್ಕೆ, ಮೂರು ಸಲ. ಹೆಸರುಗಳನ್ನೆಲ್ಲ ಅಳಿಸಿದೆ. ಅಳಿಸುವಾಗ ಎಷ್ಟು ಹಿತವಾಯಿತೆಂದು ಏನು ಹೇಳಲಿ! ಜೊತೆಗೆ ಡಬ್ಬಿಗೆ ಯಾವಾಗ ಕರೆಂಟ್ ಬಂದರೂ ಸೈರನ್ ಒಮ್ಮೆ ಕೂಗಿ ತೋರಿಸಬೇಕು ಅಂತ ಮಾಡಿದೆ. ಇದೆ ಅನ್ನುವುದು ಜನಕ್ಕೆ ಕಿವಿಯಾರೆ ಗೊತ್ತಾಗಲಿ. ಇದನ್ನು ವೀರಣ್ಣನವರಿಗೂ ಹೇಳಿದೆ. ಅವರು ಫೋನಿನಲ್ಲಿ ಯಾರಿಗೋ ಪೆಂಡಾಲಿನ ಬಣ್ಣ ಹೇಳುತ್ತಿದ್ದರು, ಕೈಯಲ್ಲೇ 'ಹೂಂ ಹೂಂ' ಅಂದರು. ಅಕ್ಕನಿಗೆ ಹೇಳಿದೆ. ಸ್ವಿಚ್ ಒತ್ತಿದಾಗ ಕೂಗುತ್ತದೆ, ಹೆದರಬೇಡಿ, ಪರೀಕ್ಷೆ ಅಷ್ಟೇ ಅಂತ ಅವಳು ಓ‌ಣಿಯ ಮನೆಮನೆಗೆ ಹೋಗಿ ತಿಳಿಸಿದಳು. ಗಂಗವ್ವನಿಗೂ ತಿಳಿಸಿದಳು. ಅವಳು ತಲೆಯಾಡಿಸಿದಳಂತೆ.

ಅವತ್ತು ಒಳ್ಳೆಯ ಬಿಸಿಲು. ಗಿರಣಿಯ ಮುಂದೆ ಪೆಂಡಾಲು, ವೇದಿಕೆಯ ಮೇಲೆ ಕುರ್ಚಿ ಸಾಲದಷ್ಟು ದೊಡ್ಡವರು. ಮುಂದಿನ ಸಾಲಿನಲ್ಲಿ ಕೆಳಗಿನ ಓಣಿಯ ಹೆಂಗಸರನ್ನು ಫೋಟೋಕ್ಕೆ ಅಂತ ಕೂರಿಸಿದ್ದರು, ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ಕಿಟ್ಟಿನ ಚೀಲ. ಗಂಗವ್ವನೂ ಇದ್ದಳು. ಭಾಷಣಗಳಾದವು. ಡಬ್ಬಿಗೆ ಹಾರ ಹಾಕಿದರು, ಕರ್ಪೂರ ಬೆಳಗಿದರು. ನಾಯಕರು ಸ್ವಿಚ್ ಒತ್ತಿ, ತಮ್ಮ ಹೆಸರು ಕೇಳಲು ಮುಗುಳ್ನಗುತ್ತಾ ಸ್ಪೀಕರಿನ ಕಡೆ ಮುಖ ಮಾಡಿ ನಿಂತರು.

ಸೈರನ್ ಕೂಗಿತು. ವೇದಿಕೆಯ ಮೇಲಿದ್ದವರು ಕಿವಿ ಮುಚ್ಚಿಕೊಂಡು ಎದ್ದರು, ಒಬ್ಬರ ಕುರ್ಚಿ ಹಿಂದಕ್ಕೆ ಬಿತ್ತು. ಸೈರನ್ ನಿಂತದ್ದೇ ಅಕ್ಕನ ದನಿ ಊರೆಲ್ಲ ಮೊಳಗಿತು, 'ಹೊಳಿ ಬಂದೈತಿ, ಮ್ಯಾಲ ನಡೀರಿ!' ಓಣಿಯವರು ಕೂತಲ್ಲೇ ಕೂತಿದ್ದರು, ಅವರಿಗೆ ಗೊತ್ತಿತ್ತು. ಗಂಗವ್ವ ಮಾತ್ರ ಎದ್ದಳು. ತೊಡೆಯ ಮೇಲಿನ ಚೀಲ ಕೆಳಗೆ ಬಿದ್ದು ಅಕ್ಕಿ ಚೆಲ್ಲಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಬಹುದೆಂದು ನಾನು ಎಣಿಸಿರಲಿಲ್ಲ, ಓಣಿಯ ಇಳಿಜಾರಿನಲ್ಲಿ ಓಡಿದಳು.

"ಹೆಸರ ಎಲ್ಲೆವ್ರಿ?" ವೀರಣ್ಣನವರು ನನ್ನ ತೋಳು ಹಿಡಿದು ಜಗ್ಗಿದರು. "ಸಾಹೇಬ್ರ ಹೆಸರ ಎಲ್ಲೆ?"

"ಜಾಗಾ ಸಾಲಲಿಲ್ರಿ," ಅಂದು ಕೈ ಬಿಡಿಸಿಕೊಂಡು ನಾನೂ ಅಕ್ಕನೂ ಮುದುಕಿಯ ಹಿಂದೆ ಓಡಿದೆವು.

ಅವಳು ಕೊಟ್ಟಿಗೆಯಲ್ಲಿದ್ದಳು. ನೆಲದಲ್ಲಿ ರಾಡಿ ಒಣಗಿ ಬಿರಿದಿತ್ತು. ಖಾಲಿ ಗೂಟದ ಮುಂದೆ ಕುಕ್ಕರಗಾಲಲ್ಲಿ ಕೂತು ಇಲ್ಲದ ಹಗ್ಗದ ಗಂಟನ್ನು ಎರಡೂ ಕೈಯಿಂದ ಬಿಚ್ಚುತ್ತಿದ್ದಳು. ಅಕ್ಕ "ಅತ್ತೀ" ಅಂದಳು. ಗಂಗವ್ವ ತಲೆಯೆತ್ತಿ ನನ್ನನ್ನು ನೋಡಿದಳು, ಪ್ರವಾಹ ಬಂದುಹೋದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಈ ಸಲ ಲಗೂನ ಕೇಳಿಸ್ತ ನೋಡವಾ," ಅಂದಳು. "ಈಗ ಬಿಚ್ಚತೇನಿ ತಡಿ, ಇನ್ನಾ ಹೊತ್ತ ಐತಿ."